ದನಗಳ ಕಜ್ಜಿ ಮತ್ತು ನಮ್ಮ ಓಣಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಸಮಿತಿಯವರು ಫೋನ್ ಮಾಡಿ "ಕಂಪ್ಯೂಟರ್ ಯುಗದಲ್ಲಿ ಯುವಜನ" ಎಂಬ ವಿಷಯದ ಮೇಲೆ ಮಾತಾಡಬೇಕು ಎಂದಿದ್ದರು. ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ವಿಜಯಪುರದಲ್ಲಿ ಪಿಯುಸಿ ಮತ್ತು ಬಿ.ಇ. ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನಿಂದ ಅದನ್ನೇ ನಿರೀಕ್ಷಿಸುವುದು ಸಹಜ. ಆದರೆ ಕಂಪ್ಯೂಟರಿನ ಬಗ್ಗೆ ಮುಂದಿನ ಸಾಲಿನ ಈ ಹುಡುಗರಿಗೆ ನನಗಿಂತ ಮೊದಲು ಮೊಬೈಲೇ ಎಲ್ಲ ಹೇಳಿಬಿಟ್ಟಿರುತ್ತದೆ. ಅದಕ್ಕೆ ಬೇರೆ ವಿಷಯ ಮಾತಾಡಲು ಅನುಮತಿ ಕೇಳಿದೆ. ದನಗಳಿಗೆ ಆಗುವ ಕಜ್ಜಿ. ಸಮಿತಿಯ ಹಿರಿಯರೊಬ್ಬರು ನಕ್ಕು, "ಬಂಗಾರದ ಹಬ್ಬದಾಗ ಕಜ್ಜಿ ಮಾತೇನೋ ತಮ್ಮಾ?" ಎಂದರು. ಆಮೇಲೆ ಅವರೇ, "ಮಾತಾಡು, ನಮ್ಮ ಎಮ್ಮಿಗೂ ಆಗೇತಿ" ಎಂದು ಒಪ್ಪಿಕೊಂಡರು.

ನಮ್ಮ ಕಡೆ ಇದಕ್ಕೆ ಕಜ್ಜಿ ಅನ್ನುತ್ತಾರೆ, ಹುರಕು ಅನ್ನುತ್ತಾರೆ, ತುರಿ ಅನ್ನುತ್ತಾರೆ. ದೀಪಾವಳಿ ದಾಟಿ ಚಳಿ ಬಿದ್ದ ಮೇಲೆ ಎತ್ತು ಗೂಟಕ್ಕೆ ಕುತ್ತಿಗೆ ಉಜ್ಜಲು ಶುರುಮಾಡುತ್ತದೆ. ಮೊದಲು ಯಾರೂ ಲಕ್ಷ್ಯ ಕೊಡುವುದಿಲ್ಲ. ನಂತರ ಕೂದಲು ಉದುರಿ ಚರ್ಮ ಬೋಳಾಗುತ್ತದೆ, ದಪ್ಪವಾಗಿ ಮಡಿಕೆ ಬೀಳುತ್ತದೆ, ಮೇಲೆ ಬೂದಿ ಬಣ್ಣದ ಹೊಪ್ಪಳಿಕೆ ಕಟ್ಟುತ್ತದೆ. ದನ ನೆಟ್ಟಗೆ ಮೇಯುವುದಿಲ್ಲ, ಮಲಗಿದರೆ ಎದ್ದು ಮತ್ತೆ ಉಜ್ಜುತ್ತದೆ. ಕಣಿಕೆ ಹಾಕಿದಷ್ಟೂ ಹಾಕುತ್ತೇವೆ, ಮೈಗೆ ಮಾತ್ರ ಹತ್ತುವುದಿಲ್ಲ. ಎಮ್ಮೆ ಕರುಗಳಿಗೆ ಬಂದರಂತೂ ಬಹಳ ಕಷ್ಟ. ಕೂಸಿನಂಥ ಕರು ಮೈತುಂಬ ಹೊಪ್ಪಳಿಕೆ ಹೊತ್ತು, ಚಳಿಗೆ ನಡುಗುತ್ತ, ಎರಡು ತಿಂಗಳಲ್ಲಿ ಎಲುಬಿನ ಗೂಡಾಗುವುದನ್ನು ಇಲ್ಲಿ ಕುಳಿತ ತಾಯಂದಿರು ನೋಡಿರುತ್ತೀರಿ. ಕೊನೆಗೆ ಸತ್ತರೆ "ಹಾಲು ಸಾಲಲಿಲ್ಲ" ಅಂತೀವಿ.

ಇದಕ್ಕೆ ಕಾರಣ ಒಂದು ನುಸಿ. ಗಾಳಿಯೂ ಅಲ್ಲ, ಉಷ್ಣವೂ ಅಲ್ಲ, ಯಾರ ಕಣ್ಣೂ ತಾಗಿದ್ದಲ್ಲ. ಉಣ್ಣಿ, ಜೇಡಗಳ ಬಳಗದ್ದೇ, ಆದರೆ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಸಾರ್ಕಾಪ್ಟಿಸ್ ಎಂಬ ಜಾತಿಯ ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತ, ದಿನಕ್ಕೆ ಎರಡು ಮೂರರಂತೆ ಮೊಟ್ಟೆ ಇಡುತ್ತ ಹೋಗುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಆರು ಕಾಲಿನ ಮರಿ ಬರುತ್ತದೆ. ಅದು ಬೆಳೆದು ಎಂಟು ಕಾಲಿನದಾಗಿ, ತಾನೂ ಮೊಟ್ಟೆ ಇಡಲು ಎರಡರಿಂದ ಮೂರು ವಾರ ಸಾಕು. ಈ ಎರಡು ಮೂರು ವಾರದ ಲೆಕ್ಕ ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇಲ್ಲಿ ಇತಿಹಾಸದ ಸರ್ ಕುಳಿತಿದ್ದಾರೆ, ಹಾಗಾಗಿ ಒಂದು ಮಾತು. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಕೋಟೆ ಬಿದ್ದಿದ್ದು ನಮ್ಮ ಜಿಲ್ಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾನೆ. ಅದರ ಮರುವರ್ಷ, 1687ರಲ್ಲಿ, ಇಟಲಿಯ ವೈದ್ಯ ಬೊನೊಮೊ ಎಂಬಾತ ಮನುಷ್ಯರ ಕಜ್ಜಿಯಿಂದ ತೆಗೆದ ಜೀವಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಚಿತ್ರ ಬರೆದು, ಕಜ್ಜಿಗೆ ಕಾರಣ ಈ ಹುಳವೇ ಎಂದು ಪತ್ರ ಪ್ರಕಟಿಸಿದ. ಒಂದು ರೋಗಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಕಾರಣ ಎಂದು ತೋರಿಸಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಮೂರು ಶತಮಾನ ದಾಟಿವೆ. ನಮ್ಮ ಓಣಿಯಲ್ಲಿ ಇನ್ನೂ "ಉಷ್ಣ ಆಗೇತಿ" ಅಂತಲೇ ಇದ್ದೇವೆ.

ದನಗಳಿಗೆ ಹತ್ತುವ ನುಸಿ ಒಂದೇ ಜಾತಿಯದಲ್ಲ. ಈಗ ಹೇಳಿದ್ದು ಸಾಮಾನ್ಯವಾಗಿ ಮುಖ, ಕುತ್ತಿಗೆಯ ತೆಳು ಚರ್ಮದಿಂದ ಶುರುವಾಗುತ್ತದೆ. ಸೋರಾಪ್ಟಿಸ್ ಎಂಬುದು ಸುರಂಗ ಕೊರೆಯುವುದಿಲ್ಲ. ಹೆಗಲು, ಬೆನ್ನು, ಬಾಲದ ಬುಡದಲ್ಲಿ ಚರ್ಮದ ಮೇಲೆಯೇ ಇದ್ದು ಹಸಿ ಹೊಪ್ಪಳಿಕೆ ಮಾಡುತ್ತದೆ. ಕೋರಿಯಾಪ್ಟಿಸ್ ಕಾಲಿಗೆ, ಕೆಚ್ಚಲಿಗೆ, ಬಾಲದ ಬುಡಕ್ಕೆ ಬರುವುದು, ಇವೆಲ್ಲದರಲ್ಲಿ ಸೌಮ್ಯ. ಡೆಮೊಡೆಕ್ಸ್ ಕೂದಲ ಬುಡದಲ್ಲಿ ಅಡಗಿ ಬಟಾಣಿಯಂಥ ಗಂಟು ಮಾಡುತ್ತದೆ, ಹೆಚ್ಚು ತುರಿಸುವುದಿಲ್ಲ. ಯಾವುದು ಯಾವುದೆಂದು ಕಣ್ಣಿನಿಂದ ಹೇಳುವುದು ಡಾಕ್ಟರಿಗೂ ಕಷ್ಟ. ಗಾಯದ ಅಂಚಿನಲ್ಲಿ ಚರ್ಮ ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೈಮೇಲೆ ಬಂದದ್ದೆಲ್ಲ ಕಜ್ಜಿಯೂ ಅಲ್ಲ. ನಾಣ್ಯದಂತೆ ದುಂಡಗೆ, ಒಣಗಿ ಬೆಳ್ಳಗಾದ ಗುರುತು ಗಜಕರ್ಣ, ಅದು ಬೂಷ್ಟಿನಿಂದ. 2022ರಲ್ಲಿ ರಾಜ್ಯದ ತುಂಬ ಹರಡಿದ ಚರ್ಮಗಂಟು ರೋಗ ವೈರಸ್ಸಿನಿಂದ. ಜ್ವರ ಬಂದು ಗಂಟುಗಳೆದ್ದರೆ ಕಜ್ಜಿ ಎಂದು ಮನೆಯಲ್ಲಿ ಕೂಡಬಾರದು, ಆ ದಿನವೇ ಡಾಕ್ಟರಿಗೆ ತಿಳಿಸಬೇಕು.

ಚಳಿಗಾಲದಲ್ಲೇ ಯಾಕೆ ಹೆಚ್ಚು? ನಮ್ಮ ಬೇಸಿಗೆ ನಿಮಗೆ ಗೊತ್ತು. ಆ ಬಿಸಿಲಿಗೆ ನುಸಿಯೂ ಸೊರಗುತ್ತದೆ. ಚಳಿಯಲ್ಲಿ ದನದ ಕೂದಲು ದಟ್ಟವಾಗುತ್ತದೆ, ಬಿಸಿಲು ಕಡಿಮೆ, ಎಲ್ಲವನ್ನೂ ಒತ್ತೊತ್ತಾಗಿ ಒಳಗೆ ಕಟ್ಟುತ್ತೇವೆ, ಮೈತೊಳೆಯುವುದನ್ನು ಬಿಡುತ್ತೇವೆ. ನಮ್ಮ ಭಾಗದಲ್ಲಿ ಇನ್ನೊಂದು ಕಾರಣವಿದೆ: ಸಂಕ್ರಮಣ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜಾನುವಾರು ಸಂತೆಗೆ ಸೊಲ್ಲಾಪುರ, ಸಾಂಗಲಿ ಕಡೆಯಿಂದಲೂ ಜನ ಬರುತ್ತಾರೆ. ಬೆಳ್ಳನೆಯ ಖಿಲ್ಲಾರಿ ಎತ್ತುಗಳು ಸಾಲುಗಟ್ಟಿ ನಿಂತಿರುತ್ತವೆ. ಕೊಳ್ಳುವವನು ಹಲ್ಲು ನೋಡುವ ಮೊದಲು ಜೂಲ ಎತ್ತಿ ಬಾಲದ ಬುಡದ ಮೇಲೆ ಕೈಯಾಡಿಸುತ್ತಾನೆ. ಅಲ್ಲಿ ಒಂದಂಗುಲ ಬೋಳು ಕಂಡರೆ ಬೆಲೆ ಬಿತ್ತು. ವರ್ಷವಿಡೀ ಹಿಂಡಿ ಹಾಕಿ ಸಾಕಿದ ಜೋಡಿ ಅದು. ಮಗಳ ಮದುವೆಗೋ, ಸೊಸೈಟಿ ಸಾಲಕ್ಕೋ ಎಂದು ಇಟ್ಟುಕೊಂಡದ್ದು.

ಹೀಗಾಗಿಯೇ ಜನ ಕಜ್ಜಿಯನ್ನು ಮುಚ್ಚಿಡುತ್ತಾರೆ. ಕಾಲುಬಾಯಿ ಬೇನೆ ಬಂದರೆ ಊರಿಗೆಲ್ಲ ಹೇಳುತ್ತಾರೆ, ಕಜ್ಜಿ ಬಂದರೆ ಜೂಲ ಹೊದಿಸುತ್ತಾರೆ. ಕಾಲುಬಾಯಿ, ಗಳಲೆ, ಚಪ್ಪೆ ರೋಗಗಳಿಗೆ ಲಸಿಕೆ ಇದೆ, ಇಲಾಖೆಯವರೇ ಮನೆ ಬಾಗಿಲಿಗೆ ಬಂದು ಹಾಕುತ್ತಾರೆ. ದನಗಳ ಕಜ್ಜಿಗೆ ಲಸಿಕೆ ಇಲ್ಲ. ಅದು ಒಂದೇ ರಾತ್ರಿಗೆ ದನವನ್ನು ಕೊಲ್ಲುವುದೂ ಇಲ್ಲ. ಆದ್ದರಿಂದ ಅದು ಯಾರ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ.

ಈಗ ನಾನು ಈ ವಿಷಯಕ್ಕೆ ಬಂದದ್ದು ಹೇಗೆ ಎಂದು ಹೇಳುತ್ತೇನೆ. 2020ರಲ್ಲಿ ಕೊರೊನಾ ಬಂದಾಗ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದರು. ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ಪಡಸಾಲೆಯಲ್ಲಿ ನನ್ನ ಮೀಟಿಂಗು, ಪಕ್ಕದ ದನದ ಮನೆಯಲ್ಲಿ ಗೂಟಕ್ಕೆ ಎತ್ತು ಉಜ್ಜುವ ಸದ್ದು. ಆ ಚಳಿಗಾಲದಲ್ಲಿ ಅಪ್ಪನ ಜೋಡಿಯಲ್ಲಿ ಒಂದಕ್ಕೆ ಕಜ್ಜಿಯಾಗಿತ್ತು. ಡಾಕ್ಟರು ಬಂದು ಸೂಜಿ ಮಾಡಿ ಹೋದರು. ಹೊಪ್ಪಳಿಕೆ ಉದುರಿ ಹೊಸ ಕೂದಲು ಬಂತು, ಅಪ್ಪ ಖುಷಿಯಾದರು. ಒಂದೂವರೆ ತಿಂಗಳಿಗೆ ಮತ್ತೆ ಅದೇ ಎತ್ತು, ಅದೇ ಕುತ್ತಿಗೆ. ಅಪ್ಪ ಸಿಟ್ಟಿನಿಂದ, "ಸೂಜಿ ಹುಸಿ ಅದ ಸಾಹೇಬ್ರ" ಎಂದರು. ಆ ಡಾಕ್ಟರು ತರುಣರು, ಬೇಜಾರು ಮಾಡಿಕೊಳ್ಳಲಿಲ್ಲ. "ಯಜಮಾನ್ರ, ನಾ ನಿಮ್ಮ ಎತ್ತಿಗೆ ಸೂಜಿ ಮಾಡೇನಿ. ಅದರ ಬಾಜೂಕ ನಿಂತ ಎತ್ತಿಗೆ ಯಾರ ಮಾಡ್ಯಾರ? ಗೂಟಕ್ಕ ಯಾರ ಮಾಡ್ಯಾರ? ಈ ಎತ್ತ ನಿನ್ನೆ ಯಾರ ಹೊಲದಾಗ ಹೂಡಿತ್ತು?" ಎಂದು ಕೇಳಿದರು.

ಮೂರನೇ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಸಾಫ್ಟ್‌ವೇರಿನಲ್ಲಿ ನಮ್ಮ ಕೆಲಸ ಅರ್ಧ ಇಂಥದೇ: ತೊಂದರೆ ಕಂಡಲ್ಲಿ ರಿಪೇರಿ ಮಾಡುವುದಕ್ಕಿಂತ, ಅದು ಎಲ್ಲಿಂದ ಬರುತ್ತಿದೆ ಎಂದು ಹಿಂದೆ ಹಿಂದೆ ಹೋಗುವುದು. ಆ ವಾರ ಒಂದು ಹಾಳೆಯ ಮೇಲೆ ನಮ್ಮ ಓಣಿಯ ಮನೆಗಳನ್ನೆಲ್ಲ ಚುಕ್ಕಿಗಳಾಗಿ ಬರೆದೆ. ಯಾರ ಎತ್ತು ಯಾರ ಎತ್ತಿನ ಜೊತೆ ನೊಗಕ್ಕೆ ಬೀಳುತ್ತದೆ, ಯಾರ ಗೋದಲಿ ಗೋಡೆಗೆ ಗೋಡೆ ಹೊಂದಿದೆ, ಯಾರ ಆಕಳು ಯಾರ ಹೋರಿಗೆ ಹೋಗುತ್ತದೆ, ಮೇಯಲು ಯಾವ ದನಗಳು ಕೂಡಿ ಹೋಗುತ್ತವೆ, ಜೂಲ, ಕಣ್ಣಿ ಯಾರು ಯಾರಿಗೆ ಎರವಲು ಕೊಡುತ್ತಾರೆ ಎಂದು ಅವ್ವನನ್ನು ಕೇಳುತ್ತ ಗೆರೆ ಎಳೆದೆ. ಅವ್ವನಿಗೆ ಎಲ್ಲ ಬಾಯಿಪಾಠ. ಹಾಳೆ ತುಂಬಿದ ಮೇಲೆ ನೋಡಿದರೆ ಒಂದು ಮನೆಯೂ ಒಂಟಿಯಾಗಿ ಉಳಿದಿರಲಿಲ್ಲ. ಎರಡು ಮನೆಗಳಿಂದ ಮಾತ್ರ ಬಹಳ ಗೆರೆ ಹೊರಟಿದ್ದವು. ಒಂದು ಹೋರಿ ಇಟ್ಟವರ ಮನೆ. ಇನ್ನೊಂದು, ಎತ್ತು ಇಲ್ಲದವರಿಗೆಲ್ಲ ಬಾಡಿಗೆಗೆ ಹೂಡಿ ಕೊಡುವವರ ಮನೆ. ನುಸಿ ತಾನಾಗಿ ನಡೆದು ಓಣಿ ದಾಟುವುದಿಲ್ಲ, ಅದಕ್ಕೆ ಅಷ್ಟು ಶಕ್ತಿ ಇಲ್ಲ. ನಾವೇ ನೊಗದ ಮೇಲೆ ಕೂರಿಸಿ ಕಳಿಸುತ್ತೇವೆ.

ಅಮೆರಿಕ, ಕೆನಡಾ ದೇಶಗಳಲ್ಲಿ ಮಾಂಸಕ್ಕಾಗಿ ಸಾಕುವ ದನಗಳ ಹಿಂಡುಗಳು ಬಹಳ ದೊಡ್ಡವು. ಒಂದೊಂದು ಬೇಲಿಯೊಳಗೆ ಸಾವಿರಗಟ್ಟಲೆ. ಕಜ್ಜಿ ಅವರನ್ನೂ ಬಹಳ ಕಾಡಿದೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕ ಸರ್ಕಾರ ಇದಕ್ಕೆ ಕಾನೂನನ್ನೇ ಬಳಸಿತು. ಒಂದು ದನಕ್ಕೆ ಕಜ್ಜಿ ಕಂಡರೂ ಇಡೀ ಹಿಂಡಿಗೆ ದಿಗ್ಬಂಧನ. ನೆಲದಲ್ಲಿ ಉದ್ದನೆಯ ತೊಟ್ಟಿ ಕಟ್ಟಿ, ಸುಣ್ಣ ಗಂಧಕ ಕುದಿಸಿದ ನೀರು ತುಂಬಿ, ಪ್ರತಿ ದನವನ್ನೂ ಅದರೊಳಗೆ ಈಜಿಸಿ ಹಾಯಿಸುತ್ತಿದ್ದರು. ಹತ್ತರಿಂದ ಹದಿನಾಲ್ಕು ದಿನಕ್ಕೆ ಮತ್ತೊಮ್ಮೆ. ಕಜ್ಜಿ ಇದ್ದದ್ದೂ ಹಾಯಬೇಕು, ಇಲ್ಲದ್ದೂ ಹಾಯಬೇಕು. ನಮ್ಮ ಕಥೆ ಬೇರೆ, ನಾವು ಸಾಕುವುದು ಉಳುಮೆಗೆ ಮತ್ತು ಹಾಲಿಗೆ, ಮನೆಗೆ ಎರಡೋ ಐದೋ. ಆದರೆ ಲೆಕ್ಕ ಅದೇ. ಅವರ ಹಿಂಡಿಗೆ ಬೇಲಿ ಇದೆ, ಆದ್ದರಿಂದ ಹಿಂಡು ಎಲ್ಲಿಗೆ ಮುಗಿಯಿತು ಎಂದು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಬೇಲಿ ಇಲ್ಲ. ನಮ್ಮ ಹಿಂಡು ಎಂದರೆ ನಮ್ಮ ಗೋದಲಿಯಲ್ಲಿ ನಿಂತ ನಾಲ್ಕು ದನ ಎಂದು ತಿಳಿಯುತ್ತೇವೆ. ನುಸಿಗೆ ಮಾತ್ರ ಇಡೀ ಓಣಿಯೇ ಒಂದು ಹಿಂಡು.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಇಲ್ಲಿದ್ದೀರಿ. ಎಲೆಯ ಕೆಳಗೆ ಕೆಂಪು ನುಸಿ ಕಂಡಾಗ ನೀವು ಆ ಒಂದು ಬಳ್ಳಿಗೆ ಔಷಧ ಹೊಡೆದು ಮನೆಗೆ ಬರುತ್ತೀರಾ? ಇಡೀ ಪಡಕ್ಕೆ ಹೊಡೆಯುತ್ತೀರಿ, ತಾರೀಕು ಬರೆದಿಡುತ್ತೀರಿ, ಇಷ್ಟು ದಿನಕ್ಕೆ ಮತ್ತೊಮ್ಮೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೀರಿ. ಬಳ್ಳಿಯ ನುಸಿಗೆ ಇರುವ ಶಿಸ್ತು ಎತ್ತಿನ ನುಸಿಗೆ ಯಾಕಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ. ಎರಡೂ ಒಂದೇ ಬಳಗದ ಜೀವಿಗಳು.

ಔಷಧದ ಮಾತಿಗೆ ಬರೋಣ. ಡಾಕ್ಟರು ಹೆಚ್ಚಾಗಿ ಮಾಡುವ ಸೂಜಿ ಐವರ್‌ಮೆಕ್ಟಿನ್. ಜಪಾನಿನ ಸತೋಶಿ ಒಮುರಾ ಎಂಬ ವಿಜ್ಞಾನಿ ಅಲ್ಲಿಯ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ಇದರ ಮೂಲ ಸಿಕ್ಕಿತು. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅದರ ಶಕ್ತಿಯನ್ನು ಕಂಡುಹಿಡಿದರು. 1981ರಲ್ಲಿ ಪ್ರಾಣಿಗಳ ಔಷಧವಾಗಿ ಮಾರುಕಟ್ಟೆಗೆ ಬಂತು. ಮುಂದೆ ಆಫ್ರಿಕಾದಲ್ಲಿ ಲಕ್ಷಾಂತರ ಜನರನ್ನು ಕುರುಡುತನದಿಂದ ಉಳಿಸಿತು. ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಒಂದು ಹಿಡಿ ಮಣ್ಣಿನಿಂದ ನೊಬೆಲ್ ಬರುತ್ತದೆ ಎಂಬುದನ್ನು ಎರೆ ಮಣ್ಣಿನ ನಮ್ಮ ಮಕ್ಕಳು ತಿಳಿದಿರಲಿ.

ಈ ಔಷಧ ಬದುಕಿರುವ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಗೆ ತಾಗುವುದಿಲ್ಲ. ಕೊಲ್ಲುವುದೂ ನಿಧಾನ, ಸೂಜಿ ಮಾಡಿದ ಮರುದಿನವೇ ದನ ಶುದ್ಧವಾಯಿತು ಎಂದಲ್ಲ. ದಿನ ಕಳೆದಂತೆ ಮೈಯೊಳಗಿನ ಔಷಧದ ಅಂಶ ತಗ್ಗುತ್ತದೆ. ಆ ಹೊತ್ತಿಗೆ ತಡವಾಗಿ ಒಡೆದ ಮೊಟ್ಟೆಯ ಮರಿಯೋ, ಗೂಟಕ್ಕೆ ಅಂಟಿ ಉಳಿದದ್ದೋ ಮತ್ತೆ ಸಂಸಾರ ಹೂಡುತ್ತದೆ. ಮೊದಲು ಹೇಳಿದ ಎರಡು ಮೂರು ವಾರದ ಲೆಕ್ಕ ಇಲ್ಲಿ ಬರುತ್ತದೆ. ಮರಿ ಬೆಳೆದು ಮೊಟ್ಟೆ ಇಡುವುದರೊಳಗೆ, ಅಂದರೆ ಸುಮಾರು ಹದಿನಾಲ್ಕು ದಿನಕ್ಕೆ, ಎರಡನೇ ಸೂಜಿ ಬೀಳಬೇಕು. ನಮ್ಮವರು ಎರಡನೇ ಸೂಜಿಗೇ ಹೋಗುವುದಿಲ್ಲ. ತುರಿಕೆ ನಿಂತಿರುತ್ತದೆ, ಕೆಲಸದ ದಿನ, ಡಾಕ್ಟರು ದೂರ. "ಆರಾಮ ಆಗೇತಿ ಬಿಡು" ಎಂದರೆ ಮುಗಿಯಿತು. ಎರಡನೇ ಸೂಜಿ ಆರಾಮಾದ ದನಕ್ಕೇ ಮಾಡಿಸುವುದು ಎಂಬ ಮಾತು ನಮ್ಮ ತಲೆಗೆ ಹೋಗಬೇಕು.

ಪ್ರಮಾಣವೂ ಅಷ್ಟೇ ಮುಖ್ಯ. ನಮ್ಮಲ್ಲಿ ಸಿಗುವ ಒಂದು ಪ್ರತಿಶತದ ಔಷಧವಾದರೆ 50 ಕಿಲೋ ತೂಕಕ್ಕೆ 1 ಮಿಲಿ, ಚರ್ಮದ ಕೆಳಗೆ. ಆದರೆ ಎತ್ತಿನ ತೂಕ ಯಾರಿಗೆ ಗೊತ್ತು? ಕಣ್ಣಳತೆಯಲ್ಲಿ ಕಡಿಮೆ ಹಾಕಿದರೆ ನುಸಿ ಸಾಯದೆ ಬರೀ ಸೋತು ಉಳಿಯುತ್ತದೆ. ಇದಕ್ಕೆ ಒಂಬತ್ತನೇ ತರಗತಿಯವರು ಮಾಡಬಹುದಾದ ಗಣಿತ ಇದೆ. ದರ್ಜಿಯ ಟೇಪು ತೆಗೆದುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಎಲುಬಿನವರೆಗೆ ಉದ್ದ ಅಳೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ. ಎದೆ 70 ಇಂಚು, ಉದ್ದ 60 ಇಂಚು ಇರುವ ಎತ್ತು ಸುಮಾರು 445 ಕಿಲೋ, ಹತ್ತಿರ ಹತ್ತಿರ 9 ಮಿಲಿ. ಎದೆ 36, ಉದ್ದ 32 ಇರುವ ಕರು 63 ಕಿಲೋ, ಒಂದೂಕಾಲು ಮಿಲಿ. ಅಳತೆ ನಿಮ್ಮದು. ಸೂಜಿ ಮಾಡುವುದು, ಯಾವ ಔಷಧ ಎಂದು ನಿರ್ಧರಿಸುವುದು ಡಾಕ್ಟರದು. ಇದು ಗಟ್ಟಿಯಾಗಿ ಕೇಳಿಸಿಕೊಳ್ಳಿ: ಈ ಲೆಕ್ಕ ಗೊತ್ತಾಯಿತೆಂದು ಯಾರೂ ಅಂಗಡಿಯಿಂದ ಬಾಟಲಿ ತಂದು ಚುಚ್ಚಬಾರದು. ಹಾಲು ಕೊಡುವ ಆಕಳು, ಎಮ್ಮೆಗೆ ಈ ಸೂಜಿ ಮಾಡಿದರೆ ಔಷಧ ಹಾಲಿಗೆ ಬರುತ್ತದೆ. ಆ ಹಾಲು ಡೇರಿಗೂ ಹೋಗಬಾರದು, ಮನೆಯ ಕೂಸಿಗೂ ಹೋಗಬಾರದು. ಹಿಂಡುವ ದನಕ್ಕೆ ಡಾಕ್ಟರು ಬೇರೆ ದಾರಿ ನೋಡುತ್ತಾರೆ, ಅದಕ್ಕೇ ಮೊದಲೇ ಹೇಳಬೇಕು. ಇನ್ನೊಂದು, ಸಗಣಿಯಲ್ಲಿ ಹೊರಬರುವ ಈ ಔಷಧ ಸಗಣಿ ಹುಳುಗಳನ್ನೂ ಕೊಲ್ಲುತ್ತದೆ. ಬೇಕಿಲ್ಲದಿದ್ದರೂ ವರ್ಷಕ್ಕೆ ನಾಲ್ಕು ಸಲ ಮಾಡಿಸುವಂಥದ್ದಲ್ಲ.

ಮೈಮೇಲೆ ಸಿಂಪಡಿಸುವ ಔಷಧಗಳಲ್ಲಿ ಅಮಿಟ್ರಾಜ್ ಹೆಸರು ಕೇಳಿರುತ್ತೀರಿ. ಡಾಕ್ಟರು ಹೇಳಿದಷ್ಟೇ ನೀರಿಗೆ ಬೆರೆಸಿ, ಹೊಪ್ಪಳಿಕೆ ನೆನೆದು ಒಳಗೆ ಇಳಿಯುವಂತೆ ಹಚ್ಚಬೇಕು. ಕುದುರೆಗೆ ಮಾತ್ರ ಇದು ವಿಷ. ವಿಜಯಪುರದಲ್ಲಿ ಟಾಂಗಾ ಓಡಿಸುವ ಬಂಧುಗಳು ಯಾರಿಗಾದರೂ ಇದ್ದರೆ, ಉಳಿದ ಔಷಧವನ್ನು ಅವರಿಗೆ ಕೊಡಬೇಡಿ. ಮತ್ತು ದ್ರಾಕ್ಷಿಗೆ, ಹತ್ತಿಗೆ ಹೊಡೆಯುವ ಕೀಟನಾಶಕವನ್ನು ದನದ ಮೈಗೆ ಹಚ್ಚುವ ರೂಢಿ ಕೆಲವು ಕಡೆ ಇದೆ. ದನ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಸಿ ನಡುಗುತ್ತ ಬೀಳುತ್ತದೆ. ಕಜ್ಜಿಯಿಂದ ತಿಂಗಳುಗಟ್ಟಲೆ ಬದುಕಿದ್ದ ದನ ಒಂದು ಸಂಜೆಯಲ್ಲಿ ಹೋಗುತ್ತದೆ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಚ್ಚುವುದೂ ಬೇಡ, ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ವಿಷ. ಹಿರಿಯರ ಔಷಧವೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚುತ್ತಿದ್ದರಲ್ಲ, ಗಂಧಕ ನಿಜಕ್ಕೂ ನುಸಿಯನ್ನು ಕೊಲ್ಲುತ್ತದೆ. ಅಮೆರಿಕದ ತೊಟ್ಟಿಯಲ್ಲಿದ್ದದ್ದೂ ಗಂಧಕವೇ. ಆದರೆ ಅಜ್ಜ ಅದನ್ನು ಒಂದೇ ಎತ್ತಿಗೆ ಹಚ್ಚುತ್ತಿದ್ದರು.

ದನಕ್ಕೆ ಸೂಜಿಯಾದ ದಿನವೇ ದನದ ಮನೆಗೂ ಕೆಲಸವಿದೆ. ದನದ ಮೈ ಬಿಟ್ಟ ನುಸಿ ನಮ್ಮ ಬೇಸಿಗೆ ಬಿಸಿಲಿನಲ್ಲಿ ಬೇಗ ಸಾಯುತ್ತದೆ, ಚಳಿಗಾಲದ ತೇವದ ಮೂಲೆಯಲ್ಲಿ ಎರಡು ಮೂರು ವಾರವೂ ಇರಬಲ್ಲದು. ಹಾಸಿದ ಹೊಟ್ಟು ಕಣಿಕೆ ತೆಗೆದು ಸುಡಿ. ಜೂಲ, ಕಣ್ಣಿ, ಕೊರಳ ಪಟ್ಟಿಗಳನ್ನು ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಗೂಟ ಮತ್ತು ದನ ಉಜ್ಜುವ ಗೋಡೆಯ ಮೂಲೆಯನ್ನು ತಿಕ್ಕಿ ತೊಳೆದು ಸುಣ್ಣ ಬಳಿಯಿರಿ. ಮನುಷ್ಯರ ಕೈಗೂ ತುರಿ ಬರಬಹುದು, ಕರು ಎತ್ತಿ ಆಡಿಸುವ ಮಕ್ಕಳಿಗೆ ವಿಶೇಷವಾಗಿ. ದನದ ನುಸಿ ನಮ್ಮ ಮೈಯಲ್ಲಿ ಬಹಳ ದಿನ ಬಾಳುವುದಿಲ್ಲ, ದನ ಗುಣವಾದರೆ ಅದೂ ಹೋಗುತ್ತದೆ. ಹೋಗದಿದ್ದರೆ ದವಾಖಾನೆಗೆ ತೋರಿಸಿ. ಇನ್ನು ಜಾತ್ರೆಯಿಂದ ಹೊಸ ಎತ್ತು ತಂದವರು ಮೂರು ವಾರ ಅದನ್ನು ಬೇರೆ ಕಟ್ಟಿ. ತಂದ ದಿನವೇ ಆರತಿ ಬೆಳಗಿ ಹಳೆಯದರ ಜೊತೆ ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಆರತಿ ಬೆಳಗಿರಿ, ಕಟ್ಟುವುದು ಮಾತ್ರ ಬೇರೆ ಕಡೆ.

ನಮ್ಮ ಓಣಿಯ ಹಾಳೆ ಏನಾಯಿತು ಎಂದು ಹೇಳಬೇಕು. ಅಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಎಲ್ಲಾರ ಮನಿಗೆ ಹೋಗಿ ನಿಮ್ಮ ದನಕ್ಕ ಕಜ್ಜಿ ಐತಿ ಅಂತ ಹೆಂಗ ಹೇಳ್ಲಿ?" ಎಂದರು. ನಿಜವಾದ ಕಷ್ಟ ಇದೇ. ಹಾಗೆ ಹೇಳಿದರೆ ಜಗಳ. ಕೊನೆಗೆ ಅಪ್ಪನೇ ದಾರಿ ಕಂಡುಕೊಂಡರು. ಮೊದಲು ಹೋರಿ ಇಟ್ಟವರ ಮನೆಗೆ, ಆಮೇಲೆ ಬಾಡಿಗೆ ಹೂಡುವವರ ಮನೆಗೆ ಹೋಗಿ ಕುಳಿತು, "ನಮ್ಮ ಎತ್ತಿಗೆ ಕಜ್ಜಿ ಐತಿ, ನಿಮ್ಮ ದನಕ್ಕ ಹತ್ತೀತು ಅಂತ ಅಂಜಿಕಿ, ಎಲ್ಲಾರೂ ಕೂಡೇ ಮಾಡಿಸೂಣ" ಎಂದರು. ತಮ್ಮ ದನದ ಹೆಸರು ಮುಂದಿಟ್ಟರೆ ಎದುರಿನವರ ಜೂಲ ತಾನಾಗಿ ಮೇಲೇಳುತ್ತದೆ. ಆ ಎರಡು ಮನೆ ಒಪ್ಪಿದ ಮೇಲೆ ಉಳಿದವು ಬಂದವು. ಒಂದು ಮನೆ ಮಾತ್ರ ಬರಲಿಲ್ಲ. ಒಂಟಿ ಹೆಣ್ಣುಮಗಳು, ಒಂದೇ ಎಮ್ಮೆ. ಆಕೆಗೆ ಬೇಡವೆಂದಿರಲಿಲ್ಲ, ದುಡ್ಡು ಕೇಳಿದರೆ ಎಂಬ ಅಂಜಿಕೆ. ಓಣಿಯವರೇ ಕೂಡಿ ಆಕೆಯ ಎಮ್ಮೆಯ ಖರ್ಚು ಹಂಚಿಕೊಂಡರು. ಅದನ್ನು ದಾನ ಎಂದು ನಾನು ಕರೆಯುವುದಿಲ್ಲ. ಆ ಎಮ್ಮೆ ಬಿಟ್ಟುಹೋಗಿದ್ದರೆ ಉಳಿದೆಲ್ಲರ ದುಡ್ಡು ನೀರಿಗೆ ಹೋಗುತ್ತಿತ್ತು. ಒಂದೇ ದಿನ ಎಲ್ಲ ದನಕ್ಕೂ ಚಿಕಿತ್ಸೆ, ಹದಿನಾಲ್ಕನೇ ದಿನ ಮತ್ತೊಮ್ಮೆ. ಆ ವರ್ಷ ಎಳ್ಳಮಾವಾಸ್ಯೆಯ ಚರಗಕ್ಕೆ ಗಾಡಿ ಹೂಡಿದಾಗ ಅಪ್ಪನ ಎತ್ತಿನ ಕುತ್ತಿಗೆ ಇನ್ನೂ ಅರ್ಧ ಬೋಳಾಗಿತ್ತು. ಯುಗಾದಿಗೆ ಪೂರ್ತಿ ಬೆಳ್ಳಗಾಯಿತು. ಮುಂದಿನ ಚಳಿಗಾಲಕ್ಕೆ ಓಣಿಯಲ್ಲಿ ಕಜ್ಜಿ ಬರಲಿಲ್ಲ. ಅದರ ಮುಂದಿನ ವರ್ಷ ಸಂತೆಯಿಂದ ಬಂದ ಒಂದು ಆಕಳಿನಿಂದ ಮತ್ತೆ ಬಂತು. ಈ ಸಲ ಮುಚ್ಚಿಡಲಿಲ್ಲ, ಎಂಟು ದಿನದೊಳಗೆ ಎಲ್ಲರಿಗೂ ಗೊತ್ತಾಗಿತ್ತು.

ಸಮಿತಿಯವರ ಹತ್ತಿರ ಮಾತಾಡಿದ್ದೇನೆ. ಈ ವರ್ಷ ದೀಪಾವಳಿ ಪಾಡ್ಯ ಮುಗಿದ ವಾರದಲ್ಲಿ ಒಂದು ದಿನ, ಅಲ್ಲಿಂದ ಹದಿನಾಲ್ಕು ದಿನಕ್ಕೆ ಇನ್ನೊಂದು ದಿನ, ಓಣಿಯ ಪ್ರಕಾರ ಚಿಕಿತ್ಸೆ ಮಾಡಿಸುವ ವಿಚಾರವಿದೆ. ಆಗ ಶುರುಮಾಡಿದರೆ ಸಂಕ್ರಮಣದ ಸಂತೆಯ ಹೊತ್ತಿಗೆ ಕೂದಲು ಬಂದಿರುತ್ತದೆ. ಪಶು ಆಸ್ಪತ್ರೆಯವರಿಗೆ ಮೊದಲೇ ಪತ್ರ ಕೊಡಬೇಕು. ತುರ್ತಿದ್ದರೆ 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಸೇವೆ ಇದೆ. ವಿದ್ಯಾರ್ಥಿಗಳ ಕೆಲಸ ಹೀಗೆ: ನಿಮ್ಮ ಓಣಿಯ ಹಾಳೆ ನೀವೇ ಬರೆಯಬೇಕು. ಪ್ರತಿ ದನದ ಕಿವಿಯಲ್ಲಿ ಹಳದಿ ಬಿಲ್ಲೆಯ ಮೇಲೆ 12 ಅಂಕಿ ಇರುತ್ತದೆ. ಆ ಅಂಕಿ, ಎದೆಯ ಅಳತೆ, ಉದ್ದ, ಹಿಂಡುತ್ತದೆಯೋ ಇಲ್ಲವೋ, ಗಬ್ಬವೋ ಅಲ್ಲವೋ, ಮೊದಲ ದಿನ, ಎರಡನೇ ದಿನ ಇಷ್ಟು ಕಲಮು ಸಾಕು. ಆ್ಯಪ್ ಮಾಡಿ ಕೊಡ್ರಿ ಅಂತ ಯಾರೋ ಈಗಲೇ ಪಿಸುಗುಟ್ಟಿದರು. ನೂರು ಪುಟದ ನೋಟ್‌ಬುಕ್ ಸಾಕು, ಚಾರ್ಜ್ ಮುಗಿಯುವುದಿಲ್ಲ. ಡಾಕ್ಟರು ಚರ್ಮ ಹೆರೆದ ಸ್ಲೈಡ್ ಕೊಟ್ಟರೆ ನಮ್ಮ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆಂದು ವಿಜ್ಞಾನದ ಸರ್ ಒಪ್ಪಿದ್ದಾರೆ. ಎಂಟು ಕಾಲು ಎಣಿಸಿ ನೋಡಿ.

ಹತ್ತು ದರ್ಜಿ ಟೇಪು ತಂದು ಮುಖ್ಯ ಗುರುಗಳ ಕೋಣೆಯಲ್ಲಿ ಇಟ್ಟಿದ್ದೇನೆ. ಓಣಿಗೆ ಇಬ್ಬರಂತೆ ಹೆಸರು ಕೊಡಿ. ಹೋರಿ ಇರುವ ಮನೆಯ ಹುಡುಗರು ಮೊದಲು ಬರಲಿ.